ಮೊಟ್ಟೆಯೊಳಗಿನ ಋಣ

ಕನಕಪುರದ ಕಡೆಯ ನಮ್ಮೂರಿನಿಂದ ಅಜ್ಜಿ ಬಿ.ಟಿ.ಎಂ. ಲೇಔಟ್‌ನ ನನ್ನ ಬಾಡಿಗೆ ಮನೆಗೆ ಬಂದಿದ್ದಳು. "ಅದೇನವ್ವ ಇಷ್ಟು ವರ್ಷದಿಂದ ಓದ್ತಾ ಇದ್ದೀಯ?" ಎಂದಳು. ಮರಿ ಹೊರಬರುವ ಮೊದಲೇ ಮೊಟ್ಟೆಗೆ ಸೂಜಿ ಚುಚ್ಚಿ ರೋಗ ಬಾರದಂತೆ ಮಾಡುವುದು ನನ್ನ ಸಂಶೋಧನೆ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದಳು: "ಮರಿಗೋಸ್ಕರವೋ, ನಮಗೋಸ್ಕರವೋ?"

ಕೋಳಿಮೊಟ್ಟೆಯಿಂದ ಮರಿಯಾಗಲು 21 ದಿನ ಬೇಕು. 18ನೇ ದಿನದ ಹೊತ್ತಿಗೆ ಮೊಟ್ಟೆಯ ದಪ್ಪ ತುದಿಯಲ್ಲಿ ಸಣ್ಣ ತೂತು ಮಾಡಿ, ಭ್ರೂಣದ ಸುತ್ತಲಿನ ದ್ರವಕ್ಕೆ ಲಸಿಕೆ ಬಿಡುತ್ತಾರೆ. ಇದು ಮುಖ್ಯವಾಗಿ ಮಾರೆಕ್ ರೋಗಕ್ಕೆ. ಕಾಲು ಸೋಲಿಸಿ, ಗಡ್ಡೆ ಎಬ್ಬಿಸಿ ಕೊಲ್ಲುವ ಈ ರೋಗವನ್ನು 1907ರಲ್ಲಿ ಹಂಗೇರಿಯ ಯೋಜೆಫ್ ಮಾರೆಕ್ ಮೊದಲು ವಿವರಿಸಿದ. ವೈರಸ್ಸು ಶೆಡ್ಡಿನ ಧೂಳಿನಲ್ಲೇ ಇರುತ್ತದೆ. ಹಾಗಾಗಿ ಮರಿ ಅಲ್ಲಿಗೆ ಬರುವ ಮುಂಚೆಯೇ ರಕ್ಷಣೆ ಸಿಗಬೇಕು.

ಈ ಕೆಲಸ ಹೊಸದೇನಲ್ಲ. ಅಜ್ಜಿ ಕಾವಿಗೆ ಕೂರಿಸುತ್ತಿದ್ದ ನಾಟಿಕೋಳಿಯೂ ತಾನು ಗೆದ್ದ ರೋಗಗಳ ಪ್ರತಿಕಾಯಗಳನ್ನು ಹಳದಿ ಭಂಡಾರದಲ್ಲಿಟ್ಟು ಮರಿಗೆ ಕೊಡುತ್ತಿತ್ತು. ನಾವು ಆ ತಾಯಿಯ ಜಾಗದಲ್ಲಿ ಯಂತ್ರ ನಿಲ್ಲಿಸಿದ್ದೇವೆ. ಆದರೆ ತಾಯಿಕೋಳಿ ಮರಿಯನ್ನು ತೂಕಕ್ಕೆ ಮಾರುತ್ತಿರಲಿಲ್ಲ. ನಾವು ಸಾಕುವ ಬ್ರಾಯ್ಲರ್ ಮರಿಗೆ ಆಯಸ್ಸು ಸುಮಾರು ಆರು ವಾರ.

ಹಾಗೆಂದು ನಮ್ಮ ಆರೈಕೆ ಸುಳ್ಳೇ? ನನಗೆ ಹಾಗನ್ನಿಸುವುದಿಲ್ಲ. ಲಾಭಕ್ಕಾಗಿ ಹಾಕಿದ ಲಸಿಕೆಯಿಂದಲೂ ಮರಿಯ ಕಾಲು ಸೋಲದೆ ಉಳಿಯುತ್ತದೆ, ಆ ನೋವು ತಪ್ಪಿದ್ದು ನಿಜ. ಒಪ್ಪಿಗೆ ಕೇಳಲಿಲ್ಲ ಎಂಬುದೂ ದೊಡ್ಡ ತಕರಾರಲ್ಲ. ಪೋಲಿಯೋ ಹನಿ ಹಾಕುವಾಗ ಯಾವ ಕೂಸನ್ನು ಕೇಳಿದ್ದೇವೆ?

ನನ್ನ ತಕರಾರು ಬೇರೆ. ಮಾರೆಕ್ ಲಸಿಕೆ ರೋಗವನ್ನು ತಡೆಯುತ್ತದೆ, ವೈರಸ್ಸು ಹರಡುವುದನ್ನು ಪೂರ್ತಿ ತಡೆಯುವುದಿಲ್ಲ. ಲಸಿಕೆ ಪಡೆದ ಕೋಳಿ ಬದುಕಿ ಉಳಿದು ಉಗ್ರ ತಳಿಯ ವೈರಸ್ಸನ್ನೂ ಹರಡಬಲ್ಲದು ಎಂದು 2015ರಲ್ಲಿ ಆಂಡ್ರ್ಯೂ ರೀಡ್ ಮತ್ತು ಸಂಗಡಿಗರು ಪ್ರಯೋಗದಲ್ಲಿ ತೋರಿಸಿದರು. ಲಸಿಕೆ ಇಲ್ಲದ ಕೋಳಿಗೆ ಅದೇ ವೈರಸ್ಸು ಸಾವು. ಜೊತೆಗೆ, ಮರಿ ಗಟ್ಟಿಯಾದಷ್ಟೂ ಶೆಡ್ಡಿನಲ್ಲಿ ಇನ್ನಷ್ಟು ಕೋಳಿ ತುಂಬುವ ಆಸೆ. ಈಗಲೇ ಒಂದಕ್ಕೆ ಸಿಗುವುದು ಸುಮಾರು ಒಂದು ಚದರ ಅಡಿ. ನೋವು ಕಡಿಮೆ ಮಾಡಲೆಂದು ಕೊಟ್ಟ ಶಕ್ತಿ, ಇನ್ನಷ್ಟು ನೋವು ಹೊರಿಸಲು ಪರವಾನಗಿಯಾಗಬಾರದು.

ಭಾನುವಾರ ನಮ್ಮ ಬೀದಿಯ ಚಿಕನ್ ಅಂಗಡಿಯಲ್ಲಿ ಸಾಲಿನಲ್ಲಿ ನಿಲ್ಲುವವರಲ್ಲಿ ನಾನೂ ಒಬ್ಬಳು. ಪಂಜರದಲ್ಲಿ ಒತ್ತಿಕೊಂಡು ಕೂತ ಕೋಳಿಗಳನ್ನು ನೋಡುವಾಗ ಅಜ್ಜಿಯ ಪ್ರಶ್ನೆ ನೆನಪಾಗುತ್ತದೆ. ಹುಟ್ಟುವ ಮೊದಲೇ ಒಂದು ಜೀವದ ಒಳಗೆ ಕೈ ಹಾಕಿದವರಿಗೆ, ಅದು ಬದುಕುವ ರೀತಿ, ಸಾಯುವ ರೀತಿ ನಮಗೆ ಸಂಬಂಧಿಸಿದ್ದಲ್ಲ ಎನ್ನುವ ಹಕ್ಕಿಲ್ಲ. ಅದು ಋಣ.

ನನ್ನ ಪ್ರಬಂಧದ ಕೋಷ್ಟಕದಲ್ಲಿ ತೂಕ, ಪ್ರತಿಕಾಯ, ಸಾವು ಎಂದು ಮೂರು ಕಾಲಂ ಇದ್ದವು. ಕಳೆದ ವಾರ ನಾಲ್ಕನೆಯದನ್ನು ಸೇರಿಸಿದೆ: ಪ್ರತಿ ಮರಿಗೆ ಸಿಕ್ಕ ಜಾಗ.