ಆರಿಸುವವನ ಧರ್ಮ

ಗುಣವನ್ನು ಮೆಚ್ಚುವುದು ಸುಲಭ. ಗುಣವಂತರಲ್ಲಿ ಹೆಚ್ಚು ಕಡಮೆಯನ್ನು ನಿರ್ಣಯಿಸುವುದು ಕಷ್ಟ. ಒಬ್ಬನನ್ನು ಹೊಗಳಿದರೆ ಮತ್ತೊಬ್ಬನಿಗೆ ಹಾನಿಯೇನೂ ಇಲ್ಲ. ಆದರೆ ಸ್ಥಾನಗಳು ಇಷ್ಟೇ ಎಂದು ಎಣಿಕೆಯಾದ ಮೇಲೆ ಒಬ್ಬನನ್ನು ಒಳಕ್ಕೆ ಕರೆಯುವುದೆಂದರೆ ಇನ್ನೊಬ್ಬನನ್ನು ಹೊರಗೆ ನಿಲ್ಲಿಸಿದಂತೆಯೇ ಆಗುತ್ತದೆ. ವಿದ್ಯಾರ್ಥಿವೇತನವನ್ನು ಹಂಚುವ ಸಮಿತಿಯೂ, ಸನ್ಮಾನಕ್ಕೆ ಹೆಸರನ್ನು ಸೂಚಿಸುವ ಸಂಘವೂ, ಮಗಳಿಗೆ ವರನನ್ನು ನೋಡುವ ತಂದೆಯೂ ಈ ಇಕ್ಕಟ್ಟನ್ನು ಬಲ್ಲರು. ಆದುದರಿಂದ ಆರಿಸುವವನಿಗೂ ಒಂದು ಧರ್ಮವುಂಟೆ, ಉಂಟಾದರೆ ಅದು ಯಾವುದು ಎಂಬುದು ವಿಚಾರಕ್ಕೆ ಯೋಗ್ಯವಾದ ವಿಷಯ. ದೊಡ್ಡದನ್ನು ಚಿಕ್ಕ ದೃಷ್ಟಾಂತದಿಂದ ತಿಳಿಯುವುದು ಹಿಂದಿನಿಂದ ಬಂದ ಮಾರ್ಗ. ಇಲ್ಲಿಯ ದೃಷ್ಟಾಂತವು ಆಟದ್ದು.

ದಾವಣಗೆರೆಯ ಗೃಹಸ್ಥರೊಬ್ಬರು ಹಬ್ಬಕ್ಕೆಂದು ಹರಿಹರದಲ್ಲಿರುವ ಭಾವಮೈದುನರ ಮನೆಗೆ ಹೋಗಿದ್ದರು. ಇವರು ಹತ್ತಿಯ ಗಿರಣಿಯಲ್ಲಿ ಲೆಕ್ಕ ಬರೆದು ವಿಶ್ರಾಂತಿ ಪಡೆದವರು. ಅವರು ಯಂತ್ರೋಪಕರಣಗಳ ಕಾರ್ಖಾನೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಅಳೆದು ಅಭ್ಯಾಸವಾದವರು. ಊಟವಾಗಿ ಎಲೆ ಅಡಿಕೆಗೆ ಕುಳಿತಾಗ ಮಾತು ಕ್ರಿಕೆಟ್ ಆಟಕ್ಕೆ ತಿರುಗಿತು. 1934ರಲ್ಲಿ ಮೈಸೂರು ಎಂಬ ಹೆಸರಿನಿಂದ ರಣಜಿ ಪಂದ್ಯಕ್ಕೆ ಇಳಿದು, 1973ರಲ್ಲಿ ರಾಜ್ಯದ ಹೆಸರು ಬದಲಾದ ಮೇಲೆ ಕರ್ನಾಟಕವೆಂದು ಆಡುತ್ತ ಬಂದಿರುವ ತಂಡದಿಂದ, ಎಲ್ಲ ಕಾಲದವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಹನ್ನೊಂದು ಮಂದಿಯನ್ನು ಆರಿಸಿದರೆ ಯಾರು ಯಾರು ಬರುತ್ತಾರೆಂಬುದು ಪ್ರಶ್ನೆ. ಮೊಮ್ಮಗನು ಕಾಗದವನ್ನು ತಂದು ಬರೆಯಲು ಕುಳಿತನು.

ಹತ್ತು ಹೆಸರುಗಳು ಜಗಳವಿಲ್ಲದೆ ಬಿದ್ದವು: ರೋಜರ್ ಬಿನ್ನಿ, ಕೆ.ಎಲ್. ರಾಹುಲ್, ರಾಹುಲ್ ದ್ರಾವಿಡ್, ಜಿ.ಆರ್. ವಿಶ್ವನಾಥ್, ಬ್ರಿಜೇಶ್ ಪಟೇಲ್, ಸಯ್ಯದ್ ಕಿರ್ಮಾನಿ, ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ಎರಪಳ್ಳಿ ಪ್ರಸನ್ನ, ಬಿ.ಎಸ್. ಚಂದ್ರಶೇಖರ್. ಹನ್ನೊಂದನೆಯ ಹೆಸರಿಗೆ ಬಂದಾಗ ದಾವಣಗೆರೆಯವರು ಒಂದು ಕ್ಷಣವೂ ಯೋಚಿಸದೆ, "ವಿನಯ್ ಕುಮಾರ್ ಎಂದು ಬರೆ" ಎಂದರು. ಹರಿಹರದವರು ನಕ್ಕರು. "ಭಾವ, ಇದು ಆಯ್ಕೆಯಲ್ಲ, ಊರಭಿಮಾನ. ಅವರು ದೇಶಕ್ಕಾಗಿ ಆಡಿದ ಟೆಸ್ಟ್ ಪಂದ್ಯ ಒಂದೇ ಒಂದು, 2012ರಲ್ಲಿ ಪರ್ತಿನಲ್ಲಿ. ಅದರಲ್ಲಿ ದೊರೆತ ವಿಕೆಟ್ಟೂ ಒಂದೇ. 2016ರಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡಿನ ಮೇಲೆ 303 ರನ್ನು ಮಾಡಿ ಔಟಾಗದೆ ಉಳಿದ ಕರುಣ್ ನಾಯರ್ ಇರುವಾಗ ಈ ಹೆಸರು ಹೇಗೆ ಬರುತ್ತದೆ?"

ಈ ವಾದವನ್ನು ಇಲ್ಲಿಯೇ ಸ್ವಲ್ಪ ನಿಲ್ಲಿಸಿ, ಜಗಳವಿಲ್ಲದೆ ಬಿದ್ದ ಹತ್ತು ಹೆಸರುಗಳನ್ನು ಮೊದಲು ಪರೀಕ್ಷಿಸುವುದು ಯುಕ್ತ. ಎಲ್ಲರೂ ಒಪ್ಪಿದ ಮಾತಿನಲ್ಲಿ ತಪ್ಪಿದ್ದರೆ ಅದನ್ನು ತೋರಿಸುವವರೇ ಇರುವುದಿಲ್ಲವಷ್ಟೆ. ಆ ಹತ್ತು ಮಂದಿಯಲ್ಲಿ ಒಬ್ಬರಾದರೂ ಸ್ವಾತಂತ್ರ್ಯಕ್ಕೆ ಮುಂಚೆ ಆಡಿದವರಲ್ಲ. ಆ ಕಾಲದಲ್ಲಿ ಮೈಸೂರಿನಲ್ಲಿ ಆಟ ಬಲ್ಲವರೇ ಇರಲಿಲ್ಲವೆ? ಇದ್ದರು, ಆದರೆ ಎಲೆ ಅಡಿಕೆಯ ಸುತ್ತ ಕುಳಿತವರು ಅವರನ್ನು ಕಂಡಿರಲಿಲ್ಲ. 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ಟು ಪಡೆದುದನ್ನು ದಾವಣಗೆರೆಯವರು ತಾರುಣ್ಯದಲ್ಲಿ ರೇಡಿಯೋ ಮುಂದೆ ಕುಳಿತು ಕೇಳಿದ್ದರು. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆಯವರು ಪಾಕಿಸ್ತಾನದ ಹತ್ತೂ ವಿಕೆಟ್ಟುಗಳನ್ನು ಕೆಡವಿದುದನ್ನು ಇಬ್ಬರೂ ಟೆಲಿವಿಷನ್ನಿನಲ್ಲಿ ನೋಡಿದ್ದರು. ಕಂಡುದು ಕೇಳಿದುದು ಮನಸ್ಸಿನಲ್ಲಿ ಗಟ್ಟಿಯಾಗಿ ನಿಂತಿತು. ಕಾಣದುದು ಇಲ್ಲವೆಂದೇ ಆಯಿತು.

ಇಲ್ಲಿ ತರ್ಕಶಾಸ್ತ್ರದ ಒಂದು ಸೂಕ್ಷ್ಮವುಂಟು. ನೆಲದ ಮೇಲೆ ಗಡಿಗೆ ಕಾಣದಿದ್ದರೆ ಗಡಿಗೆ ಇಲ್ಲವೆಂದು ನಿಶ್ಚಯಿಸಬಹುದು. ಆದರೆ ಬೆಳಕಿದ್ದಾಗ ಮಾತ್ರ. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣಲಿಲ್ಲವೆಂಬುದರಿಂದ ಅದರ ಅಭಾವವು ಸಿದ್ಧಿಸದು. ಇದ್ದರೆ ಕಾಣಬೇಕಾಗಿದ್ದುದು ಕಾಣದಿದ್ದಾಗ ಮಾತ್ರ ಕಾಣದಿರುವಿಕೆಯು ಪ್ರಮಾಣವಾಗುತ್ತದೆ. ಹಿಂದಿನವರ ಆಟವು ನಮಗೆ ಕತ್ತಲೆಯ ಕೋಣೆ. ಅಲ್ಲಿ "ತಿಳಿಯದು" ಎನ್ನಬಹುದೇ ಹೊರತು "ಇರಲಿಲ್ಲ" ಎನ್ನಲಾಗದು.

ಅಂಕೆಗಳು ಉಂಟಲ್ಲ, ಅವುಗಳಿಂದ ಅನುಮಾನಿಸಬಹುದಲ್ಲ ಎಂದು ಕೇಳಬಹುದು. ಅನುಮಾನಿಸಬಹುದು; ಆದರೆ ಎಚ್ಚರದಿಂದ. 1945-46ರಲ್ಲಿ ಇಂದೂರಿನಲ್ಲಿ ಹೋಳ್ಕರ್ ತಂಡವು ಮೈಸೂರಿನ ಮೇಲೆ 8 ವಿಕೆಟ್ಟಿಗೆ 912 ರನ್ನು ಮಾಡಿತು. ಆ ತಂಡದ ಆರು ಮಂದಿ ಶತಕ ಹೊಡೆದರು. ಮೈಸೂರಿನ ಬಿ.ಕೆ. ಗರುಡಾಚಾರ್ ಅವರು 301 ರನ್ನು ಕೊಟ್ಟರೆಂದು ದಾಖಲೆ ಹೇಳುತ್ತದೆ. ಇಷ್ಟನ್ನೇ ಓದಿದವನು ಇವರೆಂಥ ಬೌಲರೆಂದು ನಗುವನು. ಆದರೆ ಬಿದ್ದ 8 ವಿಕೆಟ್ಟುಗಳಲ್ಲಿ 4 ಅವರಿಗೇ ಸೇರಿದವೆಂಬುದನ್ನೂ, ಎದುರಾಳಿಗಳು ಅಷ್ಟು ಹೊಡೆಯುತ್ತಿರುವಾಗಲೂ ಚೆಂಡನ್ನು ಮತ್ತೆ ಮತ್ತೆ ಅವರ ಕೈಗೇ ಕೊಡಲಾಯಿತೆಂಬುದನ್ನೂ ಯೋಚಿಸಿದರೆ, ಅದೇ 301 ಅವಮಾನದ ಗುರುತಾಗಿರದೆ ಸಹನೆಯ ಗುರುತಾಗಿ ತೋರುವುದು. ಹಾಗೆಯೇ ಭದ್ರಾವತಿಯ ವಿಶ್ವನಾಥ್ 1975ರಲ್ಲಿ ಮದರಾಸಿನಲ್ಲಿ ವೆಸ್ಟ್ ಇಂಡೀಸಿನ ಮೇಲೆ ಔಟಾಗದೆ ಮಾಡಿದ 97 ರನ್ನು ಶತಕಗಳ ಪಟ್ಟಿಯಲ್ಲಿ ಬರುವುದಿಲ್ಲ. ಅಂದು ಇಡೀ ತಂಡದ ಮೊತ್ತ 190. ಜೊತೆಗಾರರು ಒಬ್ಬೊಬ್ಬರಾಗಿ ಹೊರಟುಹೋದ ಕಾರಣ ಮೂರು ರನ್ನು ಉಳಿದುಹೋಯಿತು. ಹೊಗೆಯಿಂದ ಬೆಂಕಿಯನ್ನು ಊಹಿಸಬಹುದು. ಆ ಬೆಂಕಿಯ ಮೇಲೆ ಬೇಯುತ್ತಿದ್ದುದೇನೆಂಬುದನ್ನು ಹೊಗೆ ಹೇಳಲಾರದು.

ಹೀಗಿರಲು ಹಿಂದಿನವರನ್ನೆಲ್ಲ ಸೇರಿಸಬೇಕೆಂದೇನೂ ಅರ್ಥವಲ್ಲ. ಆರಿಸುವವನು ತನ್ನ ಜ್ಞಾನದ ಮೇರೆ ಎಲ್ಲಿ ಮುಗಿಯುವುದೆಂಬುದನ್ನು ಅರಿತಿರಬೇಕು ಎಂಬುದಷ್ಟೇ ಇದರ ಸಾರ. ಇದು ಆರಿಸುವವನ ಮೊದಲನೆಯ ಧರ್ಮ.

ಎರಡನೆಯದು ಹನ್ನೊಂದನೆಯ ಹೆಸರಿನ ಜಗಳದಿಂದ ತಿಳಿದುಬರುತ್ತದೆ. ಭಾವಮೈದುನರು ನಕ್ಕುದನ್ನು ಕಂಡು ದಾವಣಗೆರೆಯವರು ಸಿಟ್ಟಾಗಲಿಲ್ಲ. ಲೆಕ್ಕ ಬರೆದವರಾದುದರಿಂದ ಶೀರ್ಷಿಕೆಯನ್ನು ನೋಡದೆ ಮೊತ್ತವನ್ನು ಒಪ್ಪುವವರಲ್ಲ. "ಅಲ್ಲಪ್ಪಾ, ನಾವು ಆರಿಸುತ್ತಿರುವುದು ಯಾರ ತಂಡ? ಭಾರತದ್ದೋ, ಕರ್ನಾಟಕದ್ದೋ? ಕರ್ನಾಟಕದ್ದಾದರೆ ಪರ್ತಿನ ಮಾತು ಇಲ್ಲಿಗೇಕೆ?" ಎಂದು ಕೇಳಿದರು. ರಣಜಿ ಪಂದ್ಯಗಳಲ್ಲಿ ವಿನಯ್ ಕುಮಾರ್ ಪಡೆದುದು 442 ವಿಕೆಟ್ಟು. ಕಡೆಗಾಲದಲ್ಲಿ ಪುದುಚೇರಿಗಾಗಿ ಆಡಿ ಪಡೆದುದನ್ನು ಕಳೆದರೂ ಬಹುಪಾಲು ಕರ್ನಾಟಕದ ಲೆಕ್ಕಕ್ಕೇ ಸಲ್ಲುತ್ತದೆ. 2013-14ರಲ್ಲಿಯೂ 2014-15ರಲ್ಲಿಯೂ ಒಂದರ ಮೇಲೊಂದರಂತೆ ರಣಜಿ ಪಾರಿತೋಷಕವು ಬಂದುದು ಅವರ ನಾಯಕತ್ವದಲ್ಲಿ. ಮುಂಬಯಿಯಲ್ಲಿ ನಡೆದ 2015ರ ಅಂತಿಮ ಪಂದ್ಯದಲ್ಲಿ ತಮಿಳುನಾಡಿನ 5 ವಿಕೆಟ್ಟುಗಳನ್ನು ಒಂದೇ ಸರದಿಯಲ್ಲಿ ಕೆಡವಿ, ಬಳಿಕ ತಾವೇ ದಾಂಡು ಹಿಡಿದು ಶತಕವನ್ನೂ ಹೊಡೆದರು. ನಾಡಿನ ತಂಡಕ್ಕೆ ನಾಡಿನ ಸೇವೆಯೇ ಅಳತೆಯಾಗಬೇಡವೆ? ಹದಿನೈದು ವರ್ಷ ಎಡೆಬಿಡದೆ ಪಾರಿತೋಷಕವನ್ನು ಇಟ್ಟುಕೊಂಡಿದ್ದ ಬೊಂಬಾಯಿ ತಂಡವನ್ನು 1973-74ರಲ್ಲಿ ಪ್ರಸನ್ನರ ನಾಯಕತ್ವದ ಕರ್ನಾಟಕವು ತಡೆದುದನ್ನು ನಾಡು ಇಂದಿಗೂ ನೆನೆಯುತ್ತದೆ; ಅದೇನು ಟೆಸ್ಟ್ ಪಂದ್ಯವೇ?

ವಾದವು ಸರಿಯಾಗಿದೆ. ಊರಭಿಮಾನವೆಂದು ತೋರಿದುದು ವಿಚಾರಿಸಿದರೆ ನ್ಯಾಯವೇ ಆಯಿತು. ಭಾವಮೈದುನರೂ ಇದನ್ನು ಒಪ್ಪಿದರು. ಒಪ್ಪಿ, ಮೆಲ್ಲನೆ ಇನ್ನೊಂದು ಮಾತನ್ನು ಮುಂದಿಟ್ಟರು: "ಹಾಗಾದರೆ ಭಾವ, ಗದಗದ ಸುನೀಲ್ ಜೋಶಿಯವರನ್ನೂ ಬರೆಸಬೇಕಲ್ಲ. 1995-96ರ ಒಂದೇ ರಣಜಿ ಋತುವಿನಲ್ಲಿ 500ಕ್ಕೆ ಮೇಲೆ ರನ್ನು, 50ಕ್ಕೆ ಮೇಲೆ ವಿಕೆಟ್ಟು. ಪ್ರಥಮ ದರ್ಜೆಯ ಆಟದಲ್ಲಿ ಒಟ್ಟು 615 ವಿಕೆಟ್ಟು. ನಾಡಿನ ಸೇವೆಯೇ ಅಳತೆಯೆಂದಾದರೆ, ಹದಿನೆಂಟು ವರ್ಷ ದೇಶದ ಕೆಲಸಕ್ಕಾಗಿ ಹೊರಗಿದ್ದ ಕುಂಬ್ಳೆಯವರ ಸ್ಥಾನವನ್ನು ಜೋಶಿಯವರಿಗೆ ಬಿಡಬೇಕು. ದ್ರಾವಿಡರಿಗೂ ಶ್ರೀನಾಥರಿಗೂ ಇದೇ ಪ್ರಶ್ನೆ. ಕುಂಬ್ಳೆಯವರ ಹೆಸರನ್ನು ಹೊಡೆದುಹಾಕಲೇ?"

ದಾವಣಗೆರೆಯವರು ಸುಮ್ಮನಾದರು. 132 ಟೆಸ್ಟ್ ಪಂದ್ಯಗಳಲ್ಲಿ 619 ವಿಕೆಟ್ಟು ಪಡೆದವರನ್ನು ಹೊರಗಿಡುವುದಕ್ಕೆ ಅವರ ಮನಸ್ಸು ಏಳಲಿಲ್ಲ. ಮೊಮ್ಮಗನು ಪೆನ್ಸಿಲನ್ನು ಎತ್ತಿ ಹಿಡಿದುಕೊಂಡೇ ಕಾದನು.

ಆ ಮೌನದಲ್ಲಿ ವಿಷಯದ ತಿರುಳಿದೆ. ನಾಡಿನ ಸೇವೆಯನ್ನು ಅಳತೆಯಾಗಿ ಹಿಡಿಯುವುದು ತಪ್ಪಲ್ಲ. ದೇಶದ ಸೇವೆಯನ್ನು ಅಳತೆಯಾಗಿ ಹಿಡಿಯುವುದೂ ತಪ್ಪಲ್ಲ. ಎರಡಕ್ಕೂ ಹೇಳಲು ಕಾರಣಗಳುಂಟು. ವಿನಯ್ ಕುಮಾರರಿಗೆ ಒಂದು ಅಳತೆ, ಕುಂಬ್ಳೆಯವರಿಗೆ ಇನ್ನೊಂದು ಅಳತೆ ಎಂದಾಗ ಮಾತ್ರ ದೋಷವು ಬಂತು. ದಾವಣಗೆರೆಯ ಪೇಟೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾದುದಿಲ್ಲ. ರೈತನಿಂದ ಕೊಳ್ಳುವಾಗ ದೊಡ್ಡ ಸೇರು, ಗಿರಾಕಿಗೆ ಅಳೆಯುವಾಗ ಚಿಕ್ಕ ಸೇರು ಇಟ್ಟುಕೊಂಡ ವ್ಯಾಪಾರಿಯು ಎರಡು ಸೇರುಗಳನ್ನೂ ತುಂಬಿಯೇ ಅಳೆಯುತ್ತಾನೆ; ಒಂದೊಂದು ಅಳತೆಯಲ್ಲಿಯೂ ಸುಳ್ಳಿಲ್ಲ; ಆದರೂ ವ್ಯಾಪಾರವೆಲ್ಲ ಸುಳ್ಳು. ಪಕ್ಷಪಾತವು ಸಾಮಾನ್ಯವಾಗಿ ಹೀಗೆಯೇ ಬರುತ್ತದೆ. ಅದು ಸುಳ್ಳು ಹೇಳುವುದಿಲ್ಲ. ತನಗೆ ಬೇಕಾದಾಗ ಸೇರನ್ನು ಬದಲಿಸುತ್ತದೆ, ಅಷ್ಟೆ. ಆರಿಸುವವನು ತಾನು ಬಯಸಿದ ಹೆಸರು ಒಂದು ನಿಯಮದಿಂದ ದೊರೆತಾಗ ಸಂತೋಷಪಡುವುದಕ್ಕೆ ಮುಂಚೆ, ಅದೇ ನಿಯಮವು ತನಗೆ ಪ್ರಿಯವಾದ ಇನ್ನಾವ ಹೆಸರನ್ನು ಕಿತ್ತುಕೊಳ್ಳುತ್ತದೆಂಬುದನ್ನು ನೋಡಬೇಕು. ಆ ನಷ್ಟವನ್ನು ಕೊಡಲು ಸಿದ್ಧನಾದವನಿಗೆ ಮಾತ್ರ ಆ ಲಾಭದಲ್ಲಿ ಅಧಿಕಾರ.

ಇದಕ್ಕೆ ಒಂದು ಆಕ್ಷೇಪವುಂಟು. ಯಾರೂ ಆಡಲಾರದ ತಂಡ, ಯಾರಿಗೂ ಸಂಬಳವಿಲ್ಲದ ಸ್ಥಾನ. ಆಟದ ಮಾತಿಗೆ ಇಷ್ಟು ಶಾಸ್ತ್ರವೇಕೆ ಎಂದು. ಇದಕ್ಕೆ ಸಮಾಧಾನವೇನೆಂದರೆ, ಲಾಭನಷ್ಟಗಳಿಲ್ಲದ ಕಡೆಯಲ್ಲಿಯೇ ಮನಸ್ಸು ತನ್ನ ನಿಜವಾದ ನಡೆಯನ್ನು ತೋರಿಸುತ್ತದೆ. ಏನೂ ಬರದಿರುವಲ್ಲಿಯೂ ಅರಿವಿಲ್ಲದೆ ಸೇರನ್ನು ಬದಲಿಸುವ ಕೈ, ತಮ್ಮನ ಮಗನ ಅರ್ಜಿ ಮೇಜಿನ ಮೇಲೆ ಇರುವಾಗ ಏನು ಮಾಡೀತು? ಮನೆಯ ಜಗುಲಿಯ ಮೇಲೆ ಕಲಿತ ಅಭ್ಯಾಸವೇ ಕಚೇರಿಗೂ ಸಭೆಗೂ ಹೋಗುತ್ತದೆ.

ಸಂಜೆ ಇಬ್ಬರೂ ಮೊಮ್ಮಗನನ್ನು ಕರೆದುಕೊಂಡು ಹರಿಹರೇಶ್ವರನ ದರ್ಶನಕ್ಕೆ ಹೋದರು. ಹೊಯ್ಸಳ ನರಸಿಂಹನ ಕಾಲದಲ್ಲಿ, 1224ರಲ್ಲಿ, ದಂಡನಾಯಕ ಪೋಲಾಳ್ವನು ಕಟ್ಟಿಸಿದ ದೇವಾಲಯವದು. ಗುಹಾಸುರನನ್ನು ಹರಿಯೊಬ್ಬನಾಗಲಿ ಹರನೊಬ್ಬನಾಗಲಿ ಕೊಲ್ಲಲಾರದೆ, ಇಬ್ಬರೂ ಒಂದೇ ದೇಹವಾಗಿ ಬಂದರೆಂಬುದು ಸ್ಥಳಪುರಾಣ. ಮೂರ್ತಿಯ ಬಲಭಾಗವು ಹರನದು, ಎಡಭಾಗವು ಹರಿಯದು. ದಾವಣಗೆರೆಯವರು ಎಷ್ಟೋ ಸಲ ಕಂಡ ಮೂರ್ತಿಯನ್ನು ಅಂದು ಸ್ವಲ್ಪ ಹೊತ್ತು ನಿಂತು ನೋಡಿದರು. ಇಬ್ಬರಲ್ಲಿ ಯಾರು ಹೆಚ್ಚೆಂದು ಶಿಲ್ಪಿಯು ನಿರ್ಣಯಿಸಲಿಲ್ಲ. ಹಾಗೆಂದು ಎರಡನ್ನೂ ಕಲಸಿಬಿಡಲೂ ಇಲ್ಲ. ಹರನ ಲಕ್ಷಣಗಳೆಲ್ಲ ಹರನ ಕಡೆಯಲ್ಲಿ, ಹರಿಯವೆಲ್ಲ ಹರಿಯ ಕಡೆಯಲ್ಲಿ. ನಡುವೆ ಗೆರೆಯು ಸ್ಪಷ್ಟ. ಎರಡು ಬಗೆಯ ಹಿರಿಮೆಗೆ ಕೈಮುಗಿಯಬಹುದು. ಯಾವುದು ಎಲ್ಲಿಯದೆಂಬುದು ಮರೆಯಾಗಬಾರದು.

ಮನೆಗೆ ಬಂದ ಮೇಲೆ ಅವರು ಮೊಮ್ಮಗನಿಂದ ಎರಡು ಹಾಳೆಗಳನ್ನು ಬರೆಸಿದರು. ದೇಶದ ಸೇವೆಯ ಅಳತೆ ಎಂದು ಮೊದಲನೆಯದರ ತಲೆಯಲ್ಲಿ ಬರೆಸಿ, ಅಲ್ಲಿ ಕುಂಬ್ಳೆಯವರನ್ನು ಉಳಿಸಿ, ಹನ್ನೊಂದನೆಯವರಾಗಿ ಕರುಣ್ ನಾಯರರನ್ನು ಸೇರಿಸಿದರು. ದಾವಣಗೆರೆಯ ಹೆಸರು ಅಲ್ಲಿಲ್ಲ. ನಾಡಿನ ಸೇವೆಯ ಅಳತೆ ಎಂದು ಎರಡನೆಯದರಲ್ಲಿ ಬರೆಸಿ, ಅಲ್ಲಿ ವಿನಯ್ ಕುಮಾರರನ್ನೂ ಜೋಶಿಯವರನ್ನೂ ಸೇರಿಸಿದರು. ಕುಂಬ್ಳೆಯವರ ಹೆಸರನ್ನು ತಾವೇ ಕೈಯಾರೆ ಹೊಡೆದರು. ದ್ರಾವಿಡರ ಮತ್ತು ಶ್ರೀನಾಥರ ಮುಂದೆ, ರಾಜ್ಯಕ್ಕೆ ಆಡಿದ ಪಂದ್ಯಗಳನ್ನು ಎಣಿಸಿ ನೋಡತಕ್ಕದ್ದು ಎಂದು ಗುರುತು ಹಾಕಿಸಿದರು. ಎರಡರ ಕೆಳಗೂ, 1960ಕ್ಕೆ ಹಿಂದಿನವರ ಆಟವನ್ನು ಆರಿಸಿದವರು ಕಂಡಿಲ್ಲ ಎಂದು ಒಂದು ಸಾಲು.

"ತಾತ, ಇದರಲ್ಲಿ ನಿಮ್ಮ ತಂಡ ಯಾವುದು?" ಎಂದು ಹುಡುಗನು ಕೇಳಿದನು.

"ಎರಡೂ ಸರಿಯಪ್ಪಾ. ಆದರೆ ಮೈದಾನಕ್ಕೆ ಹೋಗಿ ಕೂಗುವುದಾದರೆ ನಮ್ಮೂರಿನವನಿಗೇ ಕೂಗುತ್ತೇನೆ" ಎಂದರು ಅವರು.

ಇದರಲ್ಲಿ ವಿರೋಧವಿಲ್ಲ. ಪ್ರೀತಿಗೆ ಪ್ರಮಾಣ ಬೇಕಾಗಿಲ್ಲ. ಅದು ಪ್ರೀತಿಯೆಂಬ ತನ್ನ ಹೆಸರಿನಿಂದಲೇ ಬಂದರೆ ಯಾರಿಗೂ ಅನ್ಯಾಯವಾಗದು. ನ್ಯಾಯದ ಹೆಸರನ್ನು ಇಟ್ಟುಕೊಂಡು ಬಂದಾಗ ಮಾತ್ರ ಅದನ್ನು ಬಾಗಿಲಲ್ಲಿ ನಿಲ್ಲಿಸಿ, ಕೈಯಲ್ಲಿರುವ ಸೇರು ಯಾವುದೆಂದು ನೋಡಬೇಕು.