ಯಾರ ಭಯ, ಯಾರ ಲಾಭ?

2024ರ ಜೂನ್ 3ರ ಸೋಮವಾರ ಸೆನ್ಸೆಕ್ಸ್ ಸುಮಾರು 2,500 ಅಂಶ ಏರಿತು. ಮತಗಟ್ಟೆ ಸಮೀಕ್ಷೆಗಳು ಪೇಟೆಗೆ ಹುರುಪು ತುಂಬಿದ್ದವು. ಮರುದಿನ ಲೋಕಸಭಾ ಚುನಾವಣೆಯ ಮತ ಎಣಿಕೆ ಸಾಗುತ್ತಿದ್ದಂತೆ ಅದೇ ಸೂಚ್ಯಂಕ 4,389 ಅಂಶ ಕುಸಿದು 72,079ಕ್ಕೆ ಬಂದು ನಿಂತಿತು. ಶುಕ್ರವಾರದ ಹೊತ್ತಿಗೆ ಮತ್ತೆ 76,600 ದಾಟಿತ್ತು.

ಆ ಐದು ದಿನಗಳಲ್ಲಿ ದೇಶದ ಕಂಪನಿಗಳು ಎಷ್ಟು ಬದಲಾಗಿದ್ದವು? ನಮ್ಮ ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದಲ್ಲಿ ಎಂದಿನಂತೆ ಪಾಳಿಗಳು ನಡೆದವು. ಸರ್ಕಾರದ ಸ್ವರೂಪ ಬದಲಾದರೆ ಉದ್ಯಮದ ಭವಿಷ್ಯವೂ ಸ್ವಲ್ಪ ಬದಲಾಗುತ್ತದೆ, ನಿಜ. ಆದರೆ ಸೋಮವಾರ, ಮಂಗಳವಾರ, ಶುಕ್ರವಾರ ಮೂರು ಬೇರೆ ಬೇರೆ ಭವಿಷ್ಯಗಳಿರಲು ಸಾಧ್ಯವಿಲ್ಲ. ಬದಲಾದದ್ದು ಮನಸ್ಸು. ಮಂಗಳವಾರ ಹೆದರಿ ಮಾರಿದವರ ಹಣ, ಹೆದರದೆ ಕೊಂಡವರ ಕೈ ಸೇರಿತು. ಆ ಲಾಭ ನ್ಯಾಯವಾದದ್ದೇ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಹಿಂದಿ, ಮರಾಠಿಗಳಲ್ಲಿ ಬೆಲೆಗೆ ‘ಭಾವ್’ ಎನ್ನುತ್ತಾರೆ. ಕನ್ನಡದಲ್ಲಿ ಭಾವ ಎಂದರೆ ಮನಸ್ಸಿನ ಸ್ಥಿತಿ. ಷೇರುಪೇಟೆಯಲ್ಲಿ ಈ ಎರಡು ಅರ್ಥಗಳೂ ಒಂದೇ ಮನೆಯಲ್ಲಿ ಸಂಸಾರ ಹೂಡಿವೆ. ಷೇರಿನಿಂದ ಬರುವ ಗಳಿಕೆಗೆ ಎರಡು ಮೂಲಗಳಿವೆ. ಒಂದು, ಕಂಪನಿ ದುಡಿದು ಬೆಳೆಯುವುದು. ಇದು ಹೊಸದಾಗಿ ಹುಟ್ಟಿದ ಸಂಪತ್ತು. ಯಾರ ಜೇಬಿನಿಂದಲೂ ಕಿತ್ತದ್ದಲ್ಲ. ಇನ್ನೊಂದು, ಜನರ ಭಾವದ ಏರಿಳಿತ. ಇಲ್ಲಿ ಏನೂ ಹುಟ್ಟುವುದಿಲ್ಲ, ಇದ್ದದ್ದು ಕೈ ಬದಲಾಗುತ್ತದೆ, ಅಷ್ಟೆ.

ಎರಡು ಉದಾಹರಣೆ ನೋಡಿ. 1992ರ ಏಪ್ರಿಲ್‌ನಲ್ಲಿ ಸೆನ್ಸೆಕ್ಸ್ 4,400 ದಾಟಿತ್ತು. ಅದೇ ತಿಂಗಳು ಹರ್ಷದ್ ಮೆಹ್ತಾ ಹಗರಣ ಹೊರಬಂತು. ವರ್ಷ ತುಂಬುವಷ್ಟರಲ್ಲಿ ಸೂಚ್ಯಂಕ ಅದರ ಅರ್ಧಕ್ಕೂ ಕೆಳಗಿಳಿಯಿತು. ಷೇರು ಎಂದರೆ ಜನ ಬೆಚ್ಚಿಬೀಳುತ್ತಿದ್ದ ಆ ಕಾಲದಲ್ಲಿ, 1993ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಇನ್ಫೊಸಿಸ್ ತನ್ನ ಷೇರನ್ನು 95 ರೂಪಾಯಿಗೆ ಮಾರಾಟಕ್ಕಿಟ್ಟಿತು. ಸಾಕಷ್ಟು ಅರ್ಜಿಗಳೇ ಬರಲಿಲ್ಲ. ಮಾರ್ಗನ್ ಸ್ಟ್ಯಾನ್ಲಿ 13 ಶೇಕಡಾ ಪಾಲು ಕೊಂಡದ್ದರಿಂದ ವಿತರಣೆ ದಡ ಸೇರಿತು. ಮುಂದೆ ಆ ಕಂಪನಿ ಎಷ್ಟು ಬೆಳೆಯಿತೆಂದು ಮೈಸೂರಿನವರಿಗೆ ಹೇಳಬೇಕಿಲ್ಲ. ಅದರ ತರಬೇತಿ ಕೇಂದ್ರ ಇರುವುದು ಇಲ್ಲೇ.

2008ರ ಜನವರಿಯದು ಇದಕ್ಕೆ ತದ್ವಿರುದ್ಧ ಕಥೆ. ಸೆನ್ಸೆಕ್ಸ್ 21,000 ಮುಟ್ಟಿ, ಷೇರು ಎಂದರೆ ಹಬ್ಬವಾಗಿತ್ತು. ರಿಲಯನ್ಸ್ ಪವರ್ ಷೇರು ಬಿಡುಗಡೆಗೆ ಬಂದಾಗ ಅದರ ಯಾವ ಸ್ಥಾವರವೂ ಇನ್ನೂ ವಿದ್ಯುತ್ ಉತ್ಪಾದಿಸುತ್ತಿರಲಿಲ್ಲ. ಆದರೂ ಇದ್ದ ಷೇರುಗಳಿಗೆ ಸುಮಾರು 73 ಪಟ್ಟು ಬೇಡಿಕೆ ಬಂತು. 450 ರೂಪಾಯಿಗೆ ವಿತರಣೆಯಾದ ಷೇರು ಫೆಬ್ರುವರಿ 11ರಂದು, ವಹಿವಾಟಿನ ಮೊದಲ ದಿನವೇ, 380 ರೂಪಾಯಿಗಿಂತ ಕೆಳಗೆ ಮುಗಿಯಿತು.

ಎರಡೇ ಉದಾಹರಣೆಗಳಿಂದ ನಿಯಮ ಹುಟ್ಟುವುದಿಲ್ಲ. ಆದರೆ ಅಮೆರಿಕದ ಪೇಟೆಯ ಕುರಿತು ಮಾಲ್ಕಮ್ ಬೇಕರ್ ಮತ್ತು ಜೆಫ್ರಿ ವರ್ಗ್ಲರ್ 2006ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ದಿಕ್ಕಿಗೆ ಕೈ ತೋರಿಸುತ್ತದೆ. ಹೂಡಿಕೆದಾರರ ಉತ್ಸಾಹ ಉಕ್ಕಿದ ಕಾಲದ ನಂತರ ಹೊಸ, ಸಣ್ಣ, ಇನ್ನೂ ಲಾಭ ಕಾಣದ ಕಂಪನಿಗಳ ಷೇರುಗಳು ಹೋಲಿಕೆಯಲ್ಲಿ ಕಡಿಮೆ ಗಳಿಕೆ ಕೊಡುತ್ತವೆ. ಕಾರಣ ಸರಳ: ಯಾವುದರ ಬೆಲೆಯನ್ನು ಲೆಕ್ಕ ಹಾಕುವುದು ಕಷ್ಟವೋ, ಅದಕ್ಕೆ ಆಸೆಯೇ ಬೆಲೆ ಕಟ್ಟುತ್ತದೆ. ಬೆಳೆಯುತ್ತಿರುವ ಪೇಟೆಯಲ್ಲಿ ಇಂಥ ಕಂಪನಿಗಳೂ ಹೆಚ್ಚು, ಹೊಸ ಹೂಡಿಕೆದಾರರೂ ಹೆಚ್ಚು. 2020ರ ಮಾರ್ಚ್‌ನಲ್ಲಿ ದೇಶದಲ್ಲಿ ಸುಮಾರು 4 ಕೋಟಿ ಡಿಮ್ಯಾಟ್ ಖಾತೆಗಳಿದ್ದವು. ನಾಲ್ಕೇ ವರ್ಷಗಳಲ್ಲಿ 15 ಕೋಟಿ ದಾಟಿದವು.

ಈಗ ನ್ಯಾಯದ ಪ್ರಶ್ನೆ. ಹೆದರಿದವನಿಂದ ಅಗ್ಗಕ್ಕೆ ಕೊಳ್ಳುವುದು ತಪ್ಪೇ? ತಪ್ಪಲ್ಲ ಎನ್ನುವುದಕ್ಕೆ ಬಲವಾದ ವಾದವಿದೆ. ಮಾರುವವನನ್ನು ಯಾರೂ ಒತ್ತಾಯಿಸಿಲ್ಲ. ಕೊಳ್ಳುವವನಿಗೆ ಆತನ ಮುಖವೂ ಗೊತ್ತಿಲ್ಲ. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 13 ಶೇಕಡಾ ಬಿದ್ದಾಗ ಕೊಳ್ಳುವವರೇ ಇಲ್ಲದಿದ್ದರೆ, ಆಸ್ಪತ್ರೆಯ ಖರ್ಚಿಗೆಂದು ಮಾರಬೇಕಾದವರ ಗತಿಯೇನು? ಭಯದ ದಿನ ಕೊಂಡವನು ತಾನೂ ನಷ್ಟದ ಅಪಾಯ ಹೊತ್ತೇ ಕೊಂಡಿರುತ್ತಾನೆ. ಈ ವಾದವನ್ನು ನಾನು ಒಪ್ಪುತ್ತೇನೆ.

ಒಪ್ಪಲಾಗದ್ದು ಅದರ ಮುಂದಿನ ಹೆಜ್ಜೆ: ಪೇಟೆಯ ಭಾವ ಹವಾಮಾನದಂತೆ, ಅದಕ್ಕೆ ಯಾರೂ ಹೊಣೆಯಲ್ಲ ಎನ್ನುವುದು. ಮಳೆ ಬರುತ್ತದೆ ಎಂದು ಸಾವಿರ ಜನ ಕೂಗಿದರೂ ಚಾಮುಂಡಿ ಬೆಟ್ಟದ ಮೇಲೆ ಮೋಡ ಕಟ್ಟುವುದಿಲ್ಲ. ಬೆಲೆ ಏರುತ್ತದೆ ಎಂದು ಸಾವಿರ ಜನ ನಂಬಿ ಕೊಂಡರೆ ಮಾತ್ರ ಬೆಲೆ ಏರಿಯೇ ಏರುತ್ತದೆ. ಪೇಟೆಯ ಬಗ್ಗೆ ಆಡುವ ಮಾತು ಪೇಟೆಯ ಒಳಗೇ ಕೆಲಸ ಮಾಡುತ್ತದೆ. ಹಾಗಾಗಿ ಅದಕ್ಕೆ ಹೊಣೆಯೂ ಇದೆ.

ಕುಕ್ಕರಹಳ್ಳಿ ಕೆರೆಯ ಏರಿಯ ಮೇಲೆ ಬೆಳಗ್ಗೆ ನಡೆಯುವ ನಿವೃತ್ತರ ಮಾತಿನಲ್ಲಿ ಹಿಂದೆ ಪಿಂಚಣಿ, ತುಟ್ಟಿಭತ್ಯೆ ಬರುತ್ತಿದ್ದವು. ಈಗ ಐಪಿಒ, ಎಸ್‌ಐಪಿಗಳೂ ಕಿವಿಗೆ ಬೀಳುತ್ತವೆ. ಕಾಲೇಜು ಹುಡುಗರು ಮೊಬೈಲಿನಲ್ಲೇ ಆಪ್ಷನ್ ಆಡುತ್ತಾರೆ. ಅಲ್ಲಿ ಒಬ್ಬ ಗೆದ್ದ ಪ್ರತಿ ರೂಪಾಯಿಯೂ ಇನ್ನೊಬ್ಬ ಸೋತದ್ದೇ. ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೊರತಂದ ಅಧ್ಯಯನದ ಪ್ರಕಾರ, ಷೇರು ಫ್ಯೂಚರ್ಸ್ ಮತ್ತು ಆಪ್ಷನ್‌ಗಳಲ್ಲಿ ಮೂರು ವರ್ಷ ವ್ಯವಹರಿಸಿದ ವ್ಯಕ್ತಿಗಳಲ್ಲಿ 93 ಶೇಕಡಾ ಜನ ಹಣ ಕಳೆದುಕೊಂಡರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಹೀಗಿದ್ದೂ ಹರಟೆಯಲ್ಲಿ ನಮ್ಮ ಕಿವಿಗೆ ಬೀಳುವುದು ಗೆದ್ದವರ ಕಥೆಗಳೇ. ಸೋತವರು ಮನೆಯಲ್ಲೂ ಹೇಳುವುದಿಲ್ಲ. ಆ ಮೌನವೂ ಭಾವವನ್ನು ಕಟ್ಟುತ್ತದೆ, ಮುಂದಿನವನನ್ನು ಒಳಗೆ ಕರೆಯುತ್ತದೆ.

ತನ್ನ ಬಳಿ ಇರುವ ಷೇರನ್ನು ಹೊಗಳುತ್ತಾ ಅದನ್ನೇ ಸದ್ದಿಲ್ಲದೆ ಮಾರುವವನ ಅನ್ಯಾಯ ಎಲ್ಲರಿಗೂ ಕಾಣುತ್ತದೆ. ಗೆಳೆಯನಿಗೆ ಲಾಭವನ್ನಷ್ಟೇ ಹೇಳಿ ನಷ್ಟ ಮುಚ್ಚಿಡುವವನದು ಅದರ ಸಣ್ಣ ತಮ್ಮ. ಮುಖ ಗೊತ್ತಿಲ್ಲದವನ ಭಯಕ್ಕೆ ನಾನು ಹೊಣೆಯಲ್ಲದಿರಬಹುದು. ನನ್ನ ಮಾತು ನಂಬಿ ಹಣ ಹಾಕುವ ಪಕ್ಕದ ಮನೆಯವರ ಮುಖ ಮಾತ್ರ ನನಗೆ ಚೆನ್ನಾಗಿಯೇ ಗೊತ್ತು. ಅವರು ಕೇಳಿದಾಗ ಗಳಿಸಿದ್ದರ ಜೊತೆಗೆ ಕಳೆದದ್ದನ್ನೂ, ಆ ಷೇರು ನನ್ನ ಬಳಿ ಇದೆಯೇ ಎಂಬುದನ್ನೂ ಹೇಳುವುದು ಸಾಲ ತೀರಿಸಿದಷ್ಟೇ ಸಾಮಾನ್ಯವಾದ ಕರ್ತವ್ಯ.