ಸಾಂಬ್ರಾಣಿಯ ಹೆಸರು, ಗಾಳಿಯ ಲೆಕ್ಕ

ಬೆಂಜೀನ್ ಎಂಬ ಹೆಸರಿನ ಬೇರು ಸಾಂಬ್ರಾಣಿಯಲ್ಲಿದೆ. ಸುಮಾತ್ರಾ ಕಡೆಯಿಂದ ಬರುತ್ತಿದ್ದ ಪರಿಮಳದ ಮರದಂಟನ್ನು ಅರಬ್ ವ್ಯಾಪಾರಿಗಳು ಲುಬಾನ್ ಜಾವಿ ಎಂದರು. ನಮ್ಮ ದರ್ಗಾಗಳ ಲೋಬಾನವೂ ಅದೇ ಮಾತು. ಯುರೋಪಿನವರ ನಾಲಿಗೆಯಲ್ಲಿ ಅದು ಸವೆದು ಬೆಂಜೊಯಿನ್ ಆಯಿತು, ಅದರಿಂದ ತೆಗೆದ ಹುಳಿ ಬೆಂಜೊಯಿಕ್ ಆಮ್ಲವಾಯಿತು. 1830ರ ದಶಕದಲ್ಲಿ ಜರ್ಮನಿಯ ರಸಾಯನವಿಜ್ಞಾನಿ ಮಿಟ್ಷರ್ಲಿಖ್ ಆ ಆಮ್ಲವನ್ನು ಸುಣ್ಣದ ಜೊತೆ ಬಟ್ಟಿಯಿಳಿಸಿ ಪಡೆದ ದ್ರವಕ್ಕೂ ಅದೇ ಹೆಸರು ಅಂಟಿಕೊಂಡಿತು. ಇಂದು ಬೆಂಜೀನ್ ರಕ್ತದ ಕ್ಯಾನ್ಸರಿಗೆ ಖಚಿತ ಕಾರಣಗಳಲ್ಲೊಂದು. ಅದಕ್ಕೆ ಇಷ್ಟರೊಳಗಿದ್ದರೆ ಅಪಾಯವಿಲ್ಲ ಎನ್ನಬಹುದಾದ ಮಟ್ಟವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2010ರ ಒಳಾಂಗಣ ಮಾರ್ಗಸೂಚಿಯಲ್ಲಿ ಹೇಳಿದೆ. ಸಾಂಬ್ರಾಣಿಯೊಳಗೆ ಬೆಂಜೀನ್ ತುಂಬಿಟ್ಟಿದೆ ಎಂದಲ್ಲ. ಅದಾಗಲಿ ಊದುಬತ್ತಿಯಾಗಲಿ ಅರೆಬರೆ ಉರಿದಾಗ ಹೊಗೆಯಲ್ಲಿ ಬೆಂಜೀನ್, ಫಾರ್ಮಾಲ್ಡಿಹೈಡ್, ಬೆಂಜೊಪೈರೀನ್ ಹುಟ್ಟುತ್ತವೆ. ಹಾಗಾದರೆ ಗಾಳಿಯನ್ನು ಶುದ್ಧ ಮಾಡುತ್ತದೆಂದು ಹಚ್ಚಿದ ಧೂಪವನ್ನು ಯಂತ್ರ ಅಳೆದು 'ಗಾಳಿ ಕೆಟ್ಟಿದೆ' ಎಂದರೆ ಯಾರ ಮಾತನ್ನು ನಂಬುವುದು? ಇದನ್ನು ವಿಜ್ಞಾನಕ್ಕೂ ಧರ್ಮಕ್ಕೂ ನಡುವಿನ ಜಗಳವೆಂದು ಕೈತೊಳೆದುಕೊಳ್ಳುವುದು ಸುಲಭ. ನನಗೆ ಹಾಗೆ ಕಾಣುವುದಿಲ್ಲ. ಈ ವಿಷಯದಲ್ಲಿ ನಮ್ಮ ದರ್ಶನಗಳು ಯಂತ್ರದ ಪಕ್ಕದಲ್ಲೇ ಕುಳಿತಿವೆ.

ವೈಶೇಷಿಕರ ಪ್ರಕಾರ ಗಂಧ ಪೃಥ್ವಿಯ ಗುಣ, ಗಾಳಿಗೆ ಸ್ವಂತ ವಾಸನೆಯಿಲ್ಲ. ಗಾಳಿಯಲ್ಲಿ ಮಲ್ಲಿಗೆಯ ಕಂಪು ಬಂತೆಂದರೆ ಮಲ್ಲಿಗೆಯ ಸೂಕ್ಷ್ಮ ಕಣಗಳು ಅದರ ಮೇಲೇರಿ ಬಂದಿವೆ ಎಂದರ್ಥ. ಅಂದರೆ ಪರಿಮಳ ಅವರಿಗೆ ಒಂದು ಭಾವವಲ್ಲ, ಗಾಳಿಯ ಮೇಲೆ ಹೊರಿಸಿದ ಸರಕು. ಆ ಸರಕನ್ನು ಕೆಳಗಿಳಿಸಿ ತೂಗುವುದಷ್ಟೇ ಇಂದಿನ ಅಳತೆಗಾರನ ಕೆಲಸ. ಬೆರಳುದ್ದದ ಉಕ್ಕಿನ ಕೊಳವೆಯಲ್ಲಿ ಟೆನಾಕ್ಸ್ ಎಂಬ ಪಾಲಿಮರಿನ ಹರಳು ತುಂಬಿ, ಪುಟ್ಟ ಪಂಪಿನಿಂದ ನಿಧಾನವಾಗಿ ಗಾಳಿ ಎಳೆಯುತ್ತಾರೆ. ಹರಳಿಗೆ ಅಂಟಿದ್ದನ್ನು ಪ್ರಯೋಗಾಲಯದಲ್ಲಿ ಕಾಯಿಸಿ ಬಿಡಿಸಿ, ಕೂದಲಿನಷ್ಟು ಸಣ್ಣ, ಹತ್ತಾರು ಮೀಟರ್ ಉದ್ದದ ನಳಿಗೆಯಲ್ಲಿ ಓಡಿಸಿದರೆ ಒಂದೊಂದು ವಸ್ತುವೂ ತನ್ನ ಹೊತ್ತಿಗೆ ಹೊರಬಂದು ಕಾಗದದ ಮೇಲೆ ಒಂದೊಂದು ಶಿಖರ ಬರೆಯುತ್ತದೆ. ಇಲ್ಲಿ ಯಾರೂ ಬೆಂಜೀನನ್ನು ಕಣ್ಣಾರೆ ಕಾಣುವುದಿಲ್ಲ. ಇದು ಪ್ರತ್ಯಕ್ಷವಲ್ಲ, ಅನುಮಾನ. ಅನುಮಾನಕ್ಕೆ ವ್ಯಾಪ್ತಿ, ಎಂದರೆ ಎಂದೂ ತಪ್ಪದ ನಂಟು, ಬೇಕು, ವ್ಯಾಪ್ತಿಗೆ ಅನ್ವಯ ಮತ್ತು ವ್ಯತಿರೇಕ ಎರಡೂ ಬೇಕು ಎಂದು ನೈಯಾಯಿಕರು ಹಟ ಹಿಡಿದಿದ್ದರು. ಗೊತ್ತಿರುವ ಪ್ರಮಾಣದ ಬೆಂಜೀನ್ ಹಾಕಿ ಶಿಖರ ಏಳುವುದನ್ನು ನೋಡುವುದು ಅನ್ವಯ. ಗಾಳಿಯೆಳೆಯದ ಖಾಲಿ ಕೊಳವೆಯನ್ನೂ ಜೊತೆಗೆ ಒಯ್ದು, ತಂದು, ಅದರಲ್ಲಿ ಶಿಖರವಿಲ್ಲವೆಂದು ಖಚಿತಪಡಿಸಿಕೊಳ್ಳುವುದು ವ್ಯತಿರೇಕ. ಹೊಗೆಗೂ ಬೆಂಕಿಗೂ ಇರುವ ನಂಟಿನ ಚರ್ಚೆಯಲ್ಲಿ ಅವರು ಇನ್ನೊಂದು ಸೂಕ್ಷ್ಮವನ್ನೂ ಗುರುತಿಸಿದ್ದರು: ಬೆಂಕಿಯಿದ್ದಲ್ಲೆಲ್ಲ ಹೊಗೆಯಿರುವುದಿಲ್ಲ, ಕೆಂಪಗೆ ಕಾದ ಕಬ್ಬಿಣದ ಗುಂಡಿನಲ್ಲಿ ಹೊಗೆಯೆಲ್ಲಿದೆ? ಹೊಗೆಗೆ ಹಸಿ ಸೌದೆಯೆಂಬ ಉಪಾಧಿ ಬೇಕು. ಊದುಬತ್ತಿಯ ಗುಟ್ಟೂ ಹೆಚ್ಚುಕಡಿಮೆ ಇದೇ. ಅದು ಧಗಧಗ ಉರಿಯದಂತೆ, ಕೆಂಡದಲ್ಲಿ ಮೆಲ್ಲಗೆ ಬೇಯುವಂತೆ ಮಾಡಿದ್ದು. ಪೂರ್ತಿ ಉರಿದರೆ ಪರಿಮಳವೂ ಇಲ್ಲ, ಬೆಂಜೊಪೈರೀನೂ ಇಲ್ಲ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಧೂಪದಿಂದಾಗುವ ಶುದ್ಧಿ ಅದೃಷ್ಟಫಲ, ಎಂದರೆ ಕಣ್ಣಿಗೆ ಕಾಣದ ಫಲ, ಮಡಿಯ ಹಾಗೆ. ಅದನ್ನು ಮೈಕ್ರೋಗ್ರಾಮಿನಲ್ಲಿ ತೂಗುವುದು ಭಕ್ತಿಯನ್ನು ತಕ್ಕಡಿಗೆ ಹಾಕಿದಂತೆ ಎಂದು. ಒಪ್ಪಿದೆ. ಆದರೆ ಹೀಗೆನ್ನುವವರೇ ಮರುಕ್ಷಣ 'ಧೂಪ ಕ್ರಿಮಿಗಳನ್ನು ಕೊಲ್ಲುತ್ತದೆ, ಹಿರಿಯರದ್ದು ವಿಜ್ಞಾನ' ಎನ್ನುತ್ತಾರಲ್ಲ, ತೊಡಕು ಅಲ್ಲಿದೆ. ಅದೃಷ್ಟವೆಂದರೆ ಯಂತ್ರಕ್ಕೆ ಅಲ್ಲಿ ಕೆಲಸವಿಲ್ಲ, ಪೂಜೆಗೆ ಯಂತ್ರದ ಪ್ರಮಾಣಪತ್ರವೂ ಬೇಕಿಲ್ಲ. ದೃಷ್ಟವೆಂದರೆ ಅಳತೆಗೆ ತಲೆಬಾಗಬೇಕು. ಗೆದ್ದಾಗ ದೃಷ್ಟ, ಸೋತಾಗ ಅದೃಷ್ಟ ಎನ್ನುವುದು ಯಾವ ದರ್ಶನದಲ್ಲೂ ನಡೆಯದ ವಾದ. ಕರ್ಪೂರವನ್ನೇ ನೋಡಿ. ಬೂದಿಯುಳಿಸದೆ ಉರಿದುಹೋಗುವುದರಿಂದ ಅದು ಅಹಂಕಾರ ಕರಗುವುದರ ಸಂಕೇತ, ಚೆಂದದ ಸಂಕೇತ. ಸತ್ಕಾರ್ಯವಾದಿ ಸಾಂಖ್ಯನನ್ನು ಕೇಳಿದರೆ, ಇದ್ದದ್ದು ಇಲ್ಲವಾಗುವುದಿಲ್ಲ, ರೂಪ ಬದಲಿಸುತ್ತದೆ ಅಷ್ಟೆ ಎಂದಾನು. ಆರತಿ ತಟ್ಟೆಯ ಮಸಿಯನ್ನು ಹುಣಸೆಹಣ್ಣು ಹಾಕಿ ಉಜ್ಜುವವರಿಗೆ ಸಾಂಖ್ಯನ ಸಾಕ್ಷಿಯೂ ಬೇಡ.

ಬೀದಿಯ ತುಂಬ ಬಸ್ಸು ಲಾರಿಗಳ ಹೊಗೆಯಿರುವಾಗ ದೇವರ ಮನೆಯ ಎರಡು ಕಡ್ಡಿಗಳನ್ನೇಕೆ ಹಿಡಿದುಕೊಳ್ಳುತ್ತೀರಿ ಎಂಬುದು ಇನ್ನೊಂದು ಪ್ರಶ್ನೆ. ಹೊರಗಿನದೇ ಹೆಚ್ಚು ಎಂಬ ಈ ಊಹೆಯನ್ನು 1980ರ ದಶಕದಲ್ಲೇ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಪರೀಕ್ಷಿಸಿತು. ನ್ಯೂಜೆರ್ಸಿಯ ಬೇಯೋನ್, ಎಲಿಜಬೆತ್ ಪಟ್ಟಣಗಳ ಸುತ್ತ ರಾಸಾಯನಿಕ ಕಾರ್ಖಾನೆಗಳು. ಅಲ್ಲಿನ ಜನರ ಮೈಮೇಲೆಯೇ ಕೊಳವೆ ತೊಡಿಸಿ, ಅವರು ಬಿಟ್ಟ ಉಸಿರನ್ನೂ ಅಳೆದರು. ಹಲವು ಸಾವಯವ ವಸ್ತುಗಳು ಹೊರಗಿಗಿಂತ ಮನೆಯೊಳಗೇ 2ರಿಂದ 5 ಪಟ್ಟು ಹೆಚ್ಚಿದ್ದವು. ಸಿಗರೇಟು, ಬಣ್ಣ, ಡ್ರೈಕ್ಲೀನ್ ಆದ ಬಟ್ಟೆ, ಕೋಣೆಗೆ ಕಂಪು ತರುವ ಬಿಲ್ಲೆ, ಎಲ್ಲ ಕೈಯಾರೆ ತಂದಿಟ್ಟವೇ. ಭಾರತ 2009ರಲ್ಲಿ ಬೆಂಜೀನಿಗೆ ವರ್ಷದ ಸರಾಸರಿ ಘನಮೀಟರಿಗೆ 5 ಮೈಕ್ರೋಗ್ರಾಂ ಎಂಬ ಮಿತಿಯನ್ನು ಗೊತ್ತುಮಾಡಿತು, ಆದರೆ ಅದು ಹೊರಗಿನ ಗಾಳಿಗೆ. ಕಿಟಕಿಯಿಲ್ಲದ ಗರ್ಭಗುಡಿಯಲ್ಲಿ ದಿನವಿಡೀ ನಿಲ್ಲುವ ಅರ್ಚಕರ ಉಸಿರು ಆ ಲೆಕ್ಕಕ್ಕೆ ಬರುವುದಿಲ್ಲ. ತಲೆಮಾರುಗಳಿಂದ ಬಾಳಲಿಲ್ಲವೇ ಎನ್ನುವವರು ತೊಟ್ಟಿಮನೆಯ ತೆರೆದ ಅಂಗಳವನ್ನೂ ಗವಾಕ್ಷಿಯನ್ನೂ ನೆನೆಯಬೇಕು; ಪ್ಲೈವುಡ್ಡಿನ ಮಂಟಪ, ಮುಚ್ಚಿದ ಗಾಜು, ಕೃತಕ ಸುಗಂಧದಲ್ಲಿ ಅದ್ದಿದ ಕಡ್ಡಿಯ ಫ್ಲ್ಯಾಟಿಗೆ ಆ ಸಾಕ್ಷ್ಯ ಒಗ್ಗುವುದಿಲ್ಲ. ಹಾಗೆಂದು ಬೆದರಿಸುವುದೂ ತಪ್ಪು. ಸಿಂಗಪುರದಲ್ಲಿ 61,000ಕ್ಕೂ ಹೆಚ್ಚು ಚೀನೀಯರನ್ನು ವರ್ಷಗಟ್ಟಲೆ ಹಿಂಬಾಲಿಸಿ 2008ರಲ್ಲಿ ಪ್ರಕಟವಾದ ಅಧ್ಯಯನ, ದೀರ್ಘಕಾಲದ ಧೂಪಕ್ಕೂ ಮೇಲಿನ ಉಸಿರಾಟದ ದಾರಿಯ ಕೆಲವು ಕ್ಯಾನ್ಸರುಗಳಿಗೂ ನಂಟು ಕಂಡಿತು. ಒಟ್ಟಾರೆ ಶ್ವಾಸಕೋಶದ ಕ್ಯಾನ್ಸರ್ ಹೆಚ್ಚಿದ್ದು ಕಾಣಲಿಲ್ಲ. ಹೆದರಿಸಲು ಬಯಸುವವರು ಈ ಎರಡನೆಯ ಮಾತನ್ನು ನುಂಗಿಬಿಡುತ್ತಾರೆ.

ಇಷ್ಟಾದ ಮೇಲೂ ಸಂಖ್ಯೆ ಏನು ಮಾಡಬೇಕೆಂದು ಹೇಳುವುದಿಲ್ಲ. ಅದು ಒಂದನ್ನು ಮಾತ್ರ ಬಯಲಿಗೆಳೆಯುತ್ತದೆ: ದೇವರಿಗೆಂದು ಸಲ್ಲಿಸಿದ್ದನ್ನು ಸೇದುವವರು ಯಾರು ಎಂಬುದನ್ನು. ಮುಡಿಸುವ ಹೂವನ್ನು ಮೊದಲು ಮೂಸಬಾರದೆಂಬ ನೇಮವಿರುವ ನಾಡಿನಲ್ಲಿ ಧೂಪವನ್ನು ದೇವರಿಗಿಂತ ಮೊದಲು ತೊಟ್ಟಿಲ ಮಗು ಸೇದುತ್ತದೆ, ಉಬ್ಬಸದ ಅಜ್ಜಿ ಸೇದುತ್ತಾಳೆ, ಅವರನ್ನು ಯಾರೂ ಕೇಳಿರುವುದಿಲ್ಲ. ಮೈಸೂರು ಊದುಬತ್ತಿಯನ್ನೇ ನಂಬಿದ ಕೈಗಳ ಅನ್ನದ ಪ್ರಶ್ನೆ ಸಣ್ಣದಲ್ಲ. ಆದರೆ ಇದ್ದಿಲ ಪುಡಿಯನ್ನೂ ಹೊಗೆಯನ್ನೂ ಎಲ್ಲರಿಗಿಂತ ಹೆಚ್ಚು ಸೇದಬೇಕಾದವರೂ ಅವರೇ, ಆದ್ದರಿಂದ ಅಳತೆ ಮೊದಲು ಬೇಕಾಗಿರುವುದು ಅವರಿಗೆ. ತೈಪೆಯ ಶಿಂಗ್‌ಟಿಯನ್ ದೇಗುಲ 2014ರ ಆಗಸ್ಟಿನಲ್ಲಿ ಧೂಪದ ಕುಂಡಗಳನ್ನೇ ತೆಗೆಸಿತು. ಜನ ಈಗ ಬರಿಗೈ ಜೋಡಿಸುತ್ತಾರೆ. ನಮ್ಮಲ್ಲಿ ಅಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಷೋಡಶೋಪಚಾರದಲ್ಲಿ ವಸ್ತ್ರವಿಲ್ಲದಿದ್ದರೆ, ಆಭರಣವಿಲ್ಲದಿದ್ದರೆ ಪುರೋಹಿತರು ಪೂಜೆ ನಿಲ್ಲಿಸುವುದಿಲ್ಲ. ಅದರ ಬದಲಿಗೆಂದು ಎರಡು ಕಾಳು ಅಕ್ಷತೆ ಹಾಕಿಸಿ ಮುಂದಿನ ಉಪಚಾರಕ್ಕೆ ಹೋಗುತ್ತಾರೆ.